ನಂದು ಇನ್ನೂ ಒಂದೇ ಸಲ

ಭಾನುವಾರದಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ, ಎಲ್ಲೆಂದರಲ್ಲಿ ಅದೇ.

"ಎಪ್ಪತ್ತು ಸಲ ಏಳು ಅಂದ್ರೆ ನಾನ್ನೂರ ತೊಂಬತ್ತು ಅಕ್ಕಾ. ನಂದು ಇನ್ನೂ ಒಂದೇ ಸಲ ಆಗಿರೋದು."

ಹೇಳಿದವನು ನನ್ನ ಚಿಕ್ಕಪ್ಪನ ಮಗ. ಎರಡು ವರ್ಷದ ಹಿಂದೆ ನನ್ನ ಹತ್ತಿರ ಸಾಲ ತೆಗೆದುಕೊಂಡಿದ್ದ, ನನ್ನ ಮೂರು ತಿಂಗಳ ಸಂಬಳದಷ್ಟು. ಆರು ತಿಂಗಳಲ್ಲಿ ಕೊಡ್ತೀನಿ ಅಂದಿದ್ದ. ಭಾನುವಾರ ಆರಾಧನೆ ಮುಗಿಸಿ ಎಲ್ಲರೂ ಒಂದೇ ಮನೆಯಲ್ಲಿ ಸೇರಿದ್ದೆವು. ಅವನು ಒಂದು ಮೂಲೆಯಲ್ಲಿ ಒಬ್ಬನೇ ಸಿಕ್ಕ. ಮೆಲ್ಲಗೆ ಕೇಳಿದೆ. ಅವನು ಮೆಲ್ಲಗೆ ಉತ್ತರ ಕೊಡಲಿಲ್ಲ. ಮನೆಯವರಿಗೆಲ್ಲ ಕೇಳುವ ಹಾಗೆ ಆ ಮಾತು ಹೇಳಿದ. ಬೆಳಿಗ್ಗೆ ಚರ್ಚಿನಲ್ಲಿ ಬೈಬಲ್ಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ, ತಪ್ಪು ಮಾಡಿದವನನ್ನು ಎಪ್ಪತ್ತು ಸಲ ಏಳು ಕ್ಷಮಿಸು ಅಂತ ಯೇಸು ಹೇಳುವ ಭಾಗ, ಓದಿದವಳು ನಾನೇ. ಅವನು ಎರಡನೇ ಸಾಲಿನಲ್ಲಿ ಕೂತು ಕೇಳಿಸಿಕೊಂಡಿದ್ದ. ಅಷ್ಟು ಗಮನ ಕೊಟ್ಟು ಕೇಳುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ.

ಎಲ್ಲರೂ ನಕ್ಕರು. ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ನಕ್ಕರು. ಮಗ ಏನು ಹೇಳಿದರೂ ಮೊದಲು ನಗುವವರು ಅವರೇ, ಅದಕ್ಕೇ ಅವನು ಹೀಗಾಗಿದ್ದು ಅನ್ನೋದು ನನ್ನ ಹಳೆಯ ಅಭಿಪ್ರಾಯ. ಇರಲಿ. ನಾನೂ ನಕ್ಕೆ. ಈಗ ಉರಿಯುತ್ತಿರೋದು ಅದೇ.

ಅವನು ಕೆಟ್ಟವನಲ್ಲ. ದುಡಿಯುತ್ತಾನೆ, ಕರೆದರೆ ಓಡಿ ಬರುತ್ತಾನೆ. ಆದರೆ ಮಾತು ಚುರುಕು. ಮಾತು ಚುರುಕಾಗಿರುವವರಿಗೆ ನಾಚಿಕೆಪಡುವ ಸಂದರ್ಭವೇ ಬರೋದಿಲ್ಲ. ಬರೋದರೊಳಗೆ ಜೋಕ್ ಆಗಿಬಿಟ್ಟಿರುತ್ತದೆ.

ಬುಧವಾರ ರಾತ್ರಿ ನಿದ್ದೆ ಬರದೆ ಅದೇ ಅಧ್ಯಾಯ ಮತ್ತೆ ತೆಗೆದೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವಾ ಅಂತ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಯೇಸುವಿನ ಉತ್ತರವನ್ನು ಮೂಲ ಗ್ರೀಕಿನಲ್ಲಿ ಎಪ್ಪತ್ತೇಳು ಅಂತಲೂ ಓದಬಹುದು, ಎಪ್ಪತ್ತು ಸಲ ಏಳು ಅಂತಲೂ ಓದಬಹುದು. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಲೆಮೆಕ ಅನ್ನೋನು ನನಗೆ ಎಪ್ಪತ್ತೇಳರಷ್ಟು ಸೇಡು ಅಂತ ಹೆಂಡತಿಯರ ಮುಂದೆ ಜಂಬ ಕೊಚ್ಚುತ್ತಾನಲ್ಲ, ಅದೇ ಸಂಖ್ಯೆ. ಸೇಡಿನ ಲೆಕ್ಕವನ್ನು ಯೇಸು ಕ್ಷಮೆಗೆ ತಿರುಗಿಸಿದ. ನನ್ನ ತಮ್ಮ ಅದನ್ನು ವಾಯಿದೆಗೆ ತಿರುಗಿಸಿದ.

ಆಮೇಲೆ ಬರೋದೇ ಇಬ್ಬರು ಆಳುಗಳ ಕಥೆ. ಒಬ್ಬ ಅರಸನಿಗೆ 10,000 ತಲಾಂತು ಕೊಡಬೇಕು. ಇನ್ನೊಬ್ಬ ಆ ಆಳಿಗೆ 100 ದೆನಾರಿ ಕೊಡಬೇಕು. ಅರಸ ಮೊದಲನೆಯವನ ಸಾಲ ಪೂರ್ತಿ ಬಿಟ್ಟುಬಿಡುತ್ತಾನೆ. ಅದೇ ಆಳು ಹೊರಗೆ ಹೋಗಿ ಎರಡನೆಯವನ ಕುತ್ತಿಗೆ ಹಿಡಿಯುತ್ತಾನೆ. ದೆನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ. ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. 1,64,000 ವರ್ಷಕ್ಕಿಂತ ಜಾಸ್ತಿ ದುಡಿಯಬೇಕು. ವಾರಕ್ಕೊಂದು ಸಬ್ಬತ್ ದಿನ ರಜೆ ಕೊಟ್ಟರೆ ಇನ್ನೂ ಜಾಸ್ತಿ.

ಇಷ್ಟು ದಿನ ಚರ್ಚಿನ ಪ್ರಸಂಗಗಳಲ್ಲಿ ಕೇಳಿದ್ದು ಏನೆಂದರೆ, ಎರಡನೇ ಸಾಲ ಚಿಲ್ಲರೆ ಅಂತ. ಅಂಥ ಚಿಲ್ಲರೆಗೆ ಕುತ್ತಿಗೆ ಹಿಡಿದನಲ್ಲ ಅಂತ. ಆದರೆ ನೂರು ದಿನದ ಕೂಲಿ ಚಿಲ್ಲರೆ ಹೇಗಾಗುತ್ತದೆ? ಮೂರು ತಿಂಗಳಿಗೂ ಮೇಲಾಯಿತು. ಹೆಚ್ಚುಕಡಿಮೆ ನನ್ನ ತಮ್ಮನ ಸಾಲದಷ್ಟೇ! ರಾತ್ರಿ ಒಂದು ಗಂಟೆಗೆ ಇದು ಹೊಳೆದಾಗ ಎದ್ದು ಕೂತೆ. ಯೇಸು ಎರಡು ಕಾಸಿನ ಸಾಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕೊಟ್ಟವನಿಗೆ ನೋವಾಗುವಷ್ಟು ದೊಡ್ಡ ಮೊತ್ತವನ್ನೇ ಕಥೆಗೆ ಇಟ್ಟ. ಯಾಕೋ ಸಮಾಧಾನ ಆಯಿತು. ನನ್ನ ಉರಿ ಸಣ್ಣತನ ಅಲ್ಲ ಅಂತ ಯಾರೋ ಒಪ್ಪಿಕೊಂಡ ಹಾಗೆ.

ಇನ್ನೊಂದೂ ಕಂಡಿತು. ಆ ಕಥೆಯ ಇಬ್ಬರೂ ಸಾಲಗಾರರು ಕಾಲಿಗೆ ಬೀಳುತ್ತಾರೆ. ಸ್ವಲ್ಪ ತಾಳಿಕೋ, ತೀರಿಸುತ್ತೇನೆ ಅನ್ನುತ್ತಾರೆ. ನೀನು ಕ್ಷಮಿಸಲೇಬೇಕು ಅಂತ ಇಬ್ಬರೂ ಅನ್ನೋದಿಲ್ಲ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವನು ಜಕ್ಕಾಯನಂತೂ ಯಾರೂ ಕೇಳದಿದ್ದರೂ ಎದ್ದು ನಿಂತು, ಮೋಸದಿಂದ ಏನಾದರೂ ತಗೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ಹದಿನೆಂಟನೇ ಅಧ್ಯಾಯ ಬಾಯಿಗೆ ಬರುವವರಿಗೆ ಜಕ್ಕಾಯ ಯಾಕೆ ನೆನಪಾಗೋದಿಲ್ಲವೋ. "ನಂದು ಇನ್ನೂ ಒಂದೇ ಸಲ." ಅದರ ಬದಲು "ಸ್ವಲ್ಪ ತಾಳು ಅಕ್ಕಾ" ಅಂದಿದ್ದರೆ ನಾನು ಈ ವಾರ ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ತಪ್ಪುಗಳನ್ನು ಕ್ಷಮಿಸು ಅನ್ನುತ್ತೇವೆ. ಮತ್ತಾಯನ ಗ್ರೀಕಿನಲ್ಲಿ ಅಲ್ಲಿರೋದು ಸಾಲ ಅನ್ನೋ ಪದ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ನಡೆಯುತ್ತಿತ್ತು. ಕನ್ನಡದವರಿಗೆ ಇದು ಹೊಸದಲ್ಲ, ನಮ್ಮ ಹತ್ತಿರ ಋಣ ಇದೆ. ದುಡ್ಡಿಗೂ ಋಣ, ಹೆತ್ತವರದೂ ಋಣ, ಉಂಡ ಮನೆಯದೂ ಋಣ. ಸಾಲ ತೀರಿತು ಅಂದರೆ ಹಗುರ. ಋಣ ತೀರಿತು ಅಂದರೆ ಆ ಮನುಷ್ಯನೇ ಹೋದ, ಇಲ್ಲವೇ ದೂರವಾದ. ನನ್ನ ತಮ್ಮ ಸಾಲ ತೀರದಂತೆ ನೋಡಿಕೊಳ್ಳುತ್ತಿದ್ದಾನೆ. ನಾನು ಈ ವಾರ ಋಣವನ್ನೇ ತೀರಿಸಿಬಿಡೋಣ ಅಂತಿದ್ದೆ.

ಅಂತಿದ್ದೆ ಅಂತ ಸುಮ್ನೆ ಹೇಳುತ್ತಿಲ್ಲ. ಸೋಮವಾರ ಅಮ್ಮನಿಗೆ ಹೇಳಿದೆ. ಮಂಗಳವಾರ ಇಬ್ಬರು ಗೆಳತಿಯರಿಗೆ. ಬುಧವಾರ ಅತ್ತೆಗೆ, ಸ್ವಲ್ಪ ಬಣ್ಣ ಹಚ್ಚಿ. ಪ್ರತಿ ಸಲವೂ ಅವನ ನಗು ಒಂದಿಷ್ಟು ಜಾಸ್ತಿ ಕೆಟ್ಟದಾಗುತ್ತಿತ್ತು, ನನ್ನ ದನಿ ಒಂದಿಷ್ಟು ಜಾಸ್ತಿ ಮೆತ್ತಗೆ. ಕಥೆಯ ಮೊದಲನೇ ಆಳು ಸಾಲಗಾರನನ್ನು ಸೆರೆಮನೆಗೆ ಹಾಕಿಸುತ್ತಾನೆ. ಒಳಗೆ ಕೂತವನು ದುಡಿದು ತೀರಿಸೋದು ಹೇಗೆ ಅಂತ ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೆ. ತೀರಿಸಲಿ ಅಂತ ಹಾಕಿಸೋದಲ್ಲ ಅದು. ಗುರುವಾರ ಅತ್ತೆ ಫೋನ್ ಮಾಡಿ, "ಅವನಿಗೆ ಇನ್ನು ಯಾರೂ ಒಂದು ಪೈಸೆ ಕೊಡಬಾರದು ಅಂತ ಎಲ್ಲರಿಗೂ ಹೇಳಿದ್ದೀನಿ" ಅಂದರು. ಖುಷಿಯಾಗಬೇಕಿತ್ತು. ಕೈ ತಣ್ಣಗಾಯಿತು.

ಹಾಗಂತ ದುಡ್ಡು ಬಿಟ್ಟುಕೊಡುವ ಮನಸ್ಸಿಲ್ಲ. ಅಷ್ಟು ದೊಡ್ಡವಳು ನಾನಲ್ಲ, ಬಿಟ್ಟುಕೊಟ್ಟರೆ ಅವನಿಗೆ ಒಳ್ಳೆಯದು ಅಂತಲೂ ಅನಿಸೋದಿಲ್ಲ.

ನಿನ್ನೆ ಸಂಜೆ ಅವನ ಮೆಸೇಜ್ ಬಂತು. "ಅಕ್ಕಾ, ಬೇಜಾರಾ?" ಅತ್ತೆಯ ಸುದ್ದಿ ಅವನಿಗೂ ಮುಟ್ಟಿರಬೇಕು. ಮೂರು ಸಲ ಬರೆದೆ, ಅಳಿಸಿದೆ. ಕೊನೆಗೆ, "ಹೌದು. ಅತ್ತೆಗೆ ನಾನೇ ಹೇಳಿದ್ದು, ಜಾಸ್ತಿ ಹೇಳಿಬಿಟ್ಟೆ, ಅದು ನನ್ನ ತಪ್ಪು. ದುಡ್ಡಿನ ವಿಷಯಕ್ಕೆ ನೀನೊಬ್ಬನೇ ಬಾ, ತಿಂಗಳಿಗೆ ಎಷ್ಟು ಆಗುತ್ತೋ ಕೂತು ಮಾತಾಡೋಣ" ಅಂತ ಕಳಿಸಿದೆ.

ಎರಡೂ ಗೆರೆ ನೀಲಿಯಾಗಿವೆ. ಟೈಪ್ ಮಾಡುತ್ತಿದ್ದಾನೆ ಅಂತ ಒಂದೆರಡು ಸಲ ತೋರಿಸಿತು. ಆಮೇಲೆ ನಿಂತಿತು.