ಬೀಳು ಬಿಟ್ಟ ಹೊಲದ ಬಾಡಿಗೆ: ರಿಂಗೋಲ್ಡ್ ಕೌಂಟಿಯ ಲೆಕ್ಕ, ಮೂರನೆಯ ತಿಂಗಳು

ಅಮೆರಿಕದ ಅಯೋವಾ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಮಿಸ್ಸೌರಿ ರಾಜ್ಯಕ್ಕೆ ತಾಗಿಕೊಂಡಿರುವ ರಿಂಗೋಲ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಹೊಲವನ್ನು ಉಳದೆ ಹುಲ್ಲಿಗೆ ಬಿಟ್ಟ ರೈತರಿಗೆ ಸರ್ಕಾರ ಕೊಡುತ್ತ ಬಂದಿರುವ ಹಣವನ್ನು 1986ರಿಂದ ವರ್ಷವಾರು ಜೋಡಿಸುವ ನನ್ನ ಬಿಡುವಿನ ಕೆಲಸ ಈ ತಿಂಗಳು ಒಂದು ಹಂತಕ್ಕೆ ಬಂದಿದೆ. ಐದು ಸಾವಿರ ಜನರೂ ಇಲ್ಲದ ಈ ಕೌಂಟಿ, ಅಯೋವಾದಲ್ಲಿ ಹೀಗೆ ಹೆಚ್ಚು ನೆಲ ಬಿಟ್ಟಿರುವ ಕೌಂಟಿಗಳಲ್ಲೊಂದು.

1985ರ ಕೃಷಿ ಕಾಯ್ದೆಯಿಂದ ಬಂದ ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ, ಅಂದರೆ ಸಿಆರ್‌ಪಿ, ಮಣ್ಣು ಸುಲಭವಾಗಿ ಕೊಚ್ಚಿಹೋಗುವ ಹೊಲಗಳನ್ನು 10ರಿಂದ 15 ವರ್ಷಗಳ ಕರಾರಿನ ಮೇಲೆ ಬೇಸಾಯದಿಂದ ಬಿಡಿಸಿ, ಎಕರೆಗೆ ಇಷ್ಟೆಂದು ಪ್ರತಿವರ್ಷ ಬಾಡಿಗೆ ಕೊಡುತ್ತದೆ. ಹುಲ್ಲು ಬಿತ್ತುವ ಖರ್ಚಿನಲ್ಲಿಯೂ ಪಾಲು ವಹಿಸುತ್ತದೆ. ನಮ್ಮೂರ ಕಡೆ ಬದು ಹಾಕಿಸಲು ಸಿಗುವ ಹಣ ಕೆಲಸ ಮುಗಿದ ದಿನಕ್ಕೆ ಮುಗಿಯುತ್ತದೆ. ಇಲ್ಲಿ ಕರಾರು ಇರುವಷ್ಟು ಕಾಲವೂ ಹಣ ಬರುತ್ತದೆ.

ಮೊದಲ ತಿಂಗಳ ಪಟ್ಟಿಯಲ್ಲಿ ಎರಡು ತಪ್ಪುಗಳಾಗಿದ್ದವು. ಒಂದೇ ಜಮೀನಿನ ಮೇಲೆ ಹಲವು ಕರಾರುಗಳಿರಬಹುದು ಎಂಬುದನ್ನು ಗಮನಿಸದೆ, ಕರಾರುಗಳ ಸಂಖ್ಯೆಯನ್ನೇ ರೈತರ ಸಂಖ್ಯೆಯೆಂದು ಎಣಿಸಿದ್ದೆ. ಕರಾರು ಸೆಪ್ಟೆಂಬರ್ 30ಕ್ಕೆ ಮುಗಿದು ಹೊಸ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ, ಕ್ಯಾಲೆಂಡರ್ ವರ್ಷಕ್ಕೆ ಹೊಂದಿಸಿದ್ದ ಸಾಲುಗಳೂ ಕದಲಿದ್ದವು. ಎರಡನ್ನೂ ತಿದ್ದಲು ನಾಲ್ಕು ವಾರಾಂತ್ಯಗಳು ಹಿಡಿದವು.

ಹಣ ಪಡೆದವರ ಹೆಸರುಗಳು ಮಾಹಿತಿ ಹಕ್ಕಿನಡಿ ಸಿಗುತ್ತವೆಯಾದರೂ ನಾನು ಅವನ್ನು ಸೇರಿಸುವುದಿಲ್ಲ. ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ಬಾಡಿಗೆಯ ಮಿತಿಯಿದೆ. ಯಾರಿಗೆ ಎಷ್ಟು ಎಂಬ ಕುತೂಹಲ ತಣಿದ ಮೇಲೆ ಮಣ್ಣಿನ ಬಗ್ಗೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ. ಹೇಳುವುದು ಕರಾರು ಮುಗಿಯುವ ವರ್ಷ. ಆದ್ದರಿಂದ ಡಾಲರುಗಳ ಕಾಲಂ ಅನ್ನು ಹಿಂದಕ್ಕೆ ಸರಿಸಿ, ಯಾವ ವರ್ಷ ಎಷ್ಟು ಎಕರೆಯ ಕರಾರು ತೀರುತ್ತದೆ ಎಂಬುದನ್ನು ಮುಂದಕ್ಕೆ ತಂದಿದ್ದೇನೆ. ದೇಶದಲ್ಲಿ 2007ರಲ್ಲಿ ಸುಮಾರು 3.68 ಕೋಟಿ ಎಕರೆ ಸಿಆರ್‌ಪಿಯಲ್ಲಿತ್ತು. ನಂತರ ಮೆಕ್ಕೆಜೋಳದ ಬೆಲೆ ಏರಿದಂತೆ, ಕರಾರು ತೀರಿದ ಹೊಲಗಳಿಗೆ ಮತ್ತೆ ನೇಗಿಲು ಬಿತ್ತು, ಮತ್ತು 2014ರ ಕಾಯ್ದೆ ಒಟ್ಟು ಮಿತಿಯನ್ನೇ ಹಂತಹಂತವಾಗಿ 2.4 ಕೋಟಿ ಎಕರೆಗೆ ಇಳಿಸಿತು. ಹತ್ತು ವರ್ಷ ಬಾಡಿಗೆ ಕೊಟ್ಟು ಕಾಪಾಡಿದ ಬೇರುಗಳನ್ನು ಒಂದೇ ಹಂಗಾಮಿನಲ್ಲಿ ಕಿತ್ತುಹಾಕಬಹುದೆಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ, ಆದರೆ ರೈತನನ್ನು ದೂಷಿಸಲಾರೆ. ಬಾಡಿಗೆಯ ದರ ಬೆಳೆಯ ಬೆಲೆಯ ಹಿಂದೆ ಬಿದ್ದರೆ ಅವನು ಇನ್ನೇನು ಮಾಡಬೇಕು?

ಊರಿನವರ ಆತಂಕಕ್ಕೂ ಕಾರಣವಿದೆ. ಹೊಲಗಳು ಬೀಳು ಬಿದ್ದಷ್ಟೂ ಬೀಜ, ಗೊಬ್ಬರ ಮಾರುವವರ ವ್ಯಾಪಾರ ಕುಗ್ಗುತ್ತದೆಯಾದ್ದರಿಂದಲೇ, ಒಂದು ಕೌಂಟಿಯ ಸಾಗುವಳಿ ನೆಲದಲ್ಲಿ ಸಾಮಾನ್ಯವಾಗಿ ಶೇ 25ಕ್ಕಿಂತ ಹೆಚ್ಚನ್ನು ಸೇರಿಸಬಾರದೆಂಬ ನಿಯಮವಿದೆ.

ಕಳೆದ ಶನಿವಾರ ಮಳೆ ನಿಂತ ಮೇಲೆ ಮೌಂಟ್ ಏರ್ ಪಟ್ಟಣದ ಆಚೆ ಜಲ್ಲಿ ರಸ್ತೆಯ ಬದಿಯಲ್ಲಿ ನಿಂತಿದ್ದೆ. ಎಡಗಡೆಯ ಸೋಯಾ ಹೊಲದಿಂದ ಇಳಿಯುತ್ತಿದ್ದ ನೀರು ಹಾಲು ಹಾಕಿದ ಚಹಾದ ಬಣ್ಣದಲ್ಲಿತ್ತು. ಬಲಗಡೆ, ಎದೆಯೆತ್ತರದ ಹುಲ್ಲಿನ ಬುಡದಿಂದ ಬಂದ ನೀರಿನಲ್ಲಿ ತಳದ ಜಲ್ಲಿಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಏಪ್ರಿಲ್‌ನಲ್ಲಿ ಇದೇ ಕೌಂಟಿಯ ಕೆಲ್ಲರ್‌ಟನ್ ಬಳಿ ಬೆಳಗಿನ ಜಾವ ಪ್ರೇರಿ ಚಿಕನ್ ಎಂಬ ಹುಲ್ಲುಗಾವಲಿನ ಕಾಡುಹಕ್ಕಿಯ ಹುಂಜಗಳು ಕುತ್ತಿಗೆಯ ಕಿತ್ತಳೆ ಬಣ್ಣದ ಚೀಲಗಳನ್ನು ಉಬ್ಬಿಸಿ ಗುಂಯ್‌ಗುಡುವುದನ್ನು ಕೇಳಿದ್ದೆ. ಒಮ್ಮೆ ಈ ರಾಜ್ಯದಿಂದಲೇ ಇಲ್ಲವಾಗಿ, ಹೊರಗಿನಿಂದ ತಂದು ಬಿಡಲಾದ ಆ ಹಕ್ಕಿಗೆ ಬೇಕಾದದ್ದು ಮರಗಳಿಲ್ಲದ, ಅಗಲವಾದ ಹುಲ್ಲು ನೆಲ.

ಮುಂದಿನ ತಿಂಗಳು, ಕರಾರು ತೀರಿದ ಪ್ರತಿ ವರ್ಷದ ಎದುರು ಆ ವರ್ಷದ ಮೆಕ್ಕೆಜೋಳದ ಬೆಲೆಯನ್ನು ಬರೆಯಬೇಕು. ಯಾವ ಹೊಲ ಸಿಆರ್‌ಪಿಯಲ್ಲಿದೆ ಎಂಬ ಸರ್ಕಾರಿ ನಕ್ಷೆ 2008ರ ಕಾಯ್ದೆಯ ಬಳಿಕ ಸಾರ್ವಜನಿಕರಿಗೆ ಸಿಗದ ಕಾರಣ, ಆ ರಸ್ತೆಯ ಎರಡೂ ಬದಿಯನ್ನು ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ನಡೆದೇ ನೋಡುತ್ತೇನೆ.