ಲಘು ಲಾಠಿ ಪ್ರಹಾರ

ನಂಗೊಂದು ಡೌಟು ಬಹಳ ವರ್ಷದಿಂದ ಇದೆ. ನಮ್ಮ ಪೇಪರ್‌ಗಳಲ್ಲಿ ಲಾಠಿ ಪ್ರಹಾರ ಯಾಕೆ ಯಾವಾಗ್ಲೂ ‘ಲಘು’ ಆಗಿರುತ್ತೆ? ಏಟು ತಿಂದೋರ ಬೆನ್ನು ನೋಡಿದ್ರೆ ಲಘು ಅನ್ಸಲ್ಲ, ಆಸ್ಪತ್ರೆ ಸೇರಿದವರ ಲೆಕ್ಕ ಅದೇ ಸುದ್ದಿಯ ಕೊನೇ ಸಾಲಲ್ಲಿ ಇರುತ್ತೆ, ಆದ್ರೂ ಮೊದಲನೇ ಪ್ಯಾರಾದಲ್ಲಿ ‘ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಗುಂಪನ್ನು ಚದುರಿಸಿದರು’ ಅಂತಾನೇ ಬರೀತಾರೆ. ಪೊಲೀಸರು ಹೇಳಿದ್ದನ್ನ ಹಾಗೇ ಇಳಿಸ್ಕೊಂಡು ರೂಢಿಯಾಗಿರೋ ಪದ ಅಂತ ಇಟ್ಕೊಳ್ಳೋಣ, ಬೈಯೋದು ಬೇಡ. ಆದ್ರೆ ಸ್ವಲ್ಪ ದಿನ ಗಮನ ಇಟ್ಟು ನೋಡಿ, ತಮಗೆ ಆಗದ ಪಕ್ಷ ಸರ್ಕಾರದಲ್ಲಿ ಇದ್ದಾಗ ಅದೇ ಪೇಪರಲ್ಲಿ ಆ ‘ಲಘು’ ಎಲ್ಲೋ ಮಾಯ ಆಗಿ ‘ಮನಬಂದಂತೆ ಥಳಿಸಿದರು’ ಬಂದು ಕೂತಿರುತ್ತೆ. ಲಾಠಿ ಅದೇ, ಬೆನ್ನು ಮಾತ್ರ ಬೇರೆ.

ಪೇಪರ್ ಎಡಾನೋ ಬಲಾನೋ ಅಂತ ಕಂಡುಹಿಡಿಯೋಕೆ ಸಂಪಾದಕೀಯ ಓದ್ಬೇಕು ಅಂತ ಎಲ್ರೂ ಅಂದ್ಕೋತಾರೆ. ನಂಗೆ ಹಾಗನ್ಸಲ್ಲ. ಸಂಪಾದಕೀಯದಲ್ಲಿ ಆಯಪ್ಪ ‘ಇದು ನನ್ನ ಅಭಿಪ್ರಾಯ’ ಅಂತ ಬೋರ್ಡ್ ಹಾಕ್ಕೊಂಡು ಕೂತಿರ್ತಾನೆ, ಅದ್ರಲ್ಲಿ ಮೋಸ ಏನಿದೆ? ಕೈಚಳಕ ಇರೋದು ಸುದ್ದಿ ಅಂತ ಕೊಡ್ತಾರಲ್ಲ ಅಲ್ಲಿ, ಅದೂ ಕ್ರಿಯಾಪದದಲ್ಲಿ. ‘ಹೇಳಿದರು’ ಅಂತ ಒಂದು ಪದ ಸಾಕಾಗೋ ಕಡೆ ನಮ್ಮೋರ ಹತ್ರ ಡಬ್ಬಿ ತುಂಬ ಪದ ಇವೆ. ಬೇಕಾದವರು ‘ಸ್ಪಷ್ಟಪಡಿಸ್ತಾರೆ’, ‘ಭರವಸೆ ನೀಡ್ತಾರೆ’, ‘ಖಡಕ್ ಎಚ್ಚರಿಕೆ’ ಕೊಡ್ತಾರೆ. ಬೇಡದವರು ‘ಕಿಡಿ ಕಾರ್ತಾರೆ’, ‘ಹರಿಹಾಯ್ತಾರೆ’, ‘ಸಮರ್ಥಿಸಿಕೊಳ್ತಾರೆ’, ತೀರಾ ಬೇಡದವರು ‘ನಾಲಿಗೆ ಹರಿಬಿಡ್ತಾರೆ’. ಇಬ್ರೂ ಮೈಕ್ ಮುಂದೆ ನಿಂತು ಆಡಿರೋದು ಹೆಚ್ಚುಕಮ್ಮಿ ಒಂದೇ ಮಾತು.

ಇನ್ನೊಂದು ಇದೆ, ಇದು ಇಂಗ್ಲಿಷ್ ಪೇಪರ್‌ಗಳಿಗೆ ಬೇಕಂದ್ರೂ ಮಾಡೋಕಾಗಲ್ಲ. ಏಕವಚನ ಬಹುವಚನ. ಅರೆಸ್ಟ್ ಆದವನು ಯಾರೋ ಪಾಪದವನಾದ್ರೆ ‘ಈತ’, ‘ಈತನಿಂದ ಬೈಕ್ ವಶಪಡಿಸಿಕೊಳ್ಳಲಾಗಿದೆ’. ಕೋಟಿ ನುಂಗಿದ ಆರೋಪ ಹೊತ್ತ ದೊಡ್ಡ ಮನುಷ್ಯ ಆದ್ರೆ ‘ಅವರನ್ನು ವಿಚಾರಣೆಗೆ ಒಳಪಡಿಸಲಾಯಿತು’. ಎರಡೂ ಕೋರ್ಟಲ್ಲಿ ಸಾಬೀತಾಗದ ಆರೋಪಾನೇ. ಹೋರಾಟ ಮಾಡ್ತಾ ಅರೆಸ್ಟ್ ಆದವರ ವಿಷಯಕ್ಕೆ ಬಂದ್ರಂತೂ ಒಂದು ಪೇಪರಲ್ಲಿ ‘ಅವರು’, ಪಕ್ಕದ ಪೇಪರಲ್ಲಿ ‘ಈತ’. ಅಷ್ಟು ಓದಿದ್ರೆ ಸಾಕು, ಪೇಪರ್ ಯಾವ ಕಡೆ ಅಂತ ಸಂಪಾದಕೀಯದ ಪುಟದ ತನಕ ಹೋಗೋದೇ ಬೇಡ.

ಹೀಗೆಲ್ಲ ನಾನು ಭಾರೀ ಜಾಣನ ಥರ ಹೇಳ್ಕೊಂಡು ತಿರುಗ್ತಿದ್ದೆ. ನನ್ನ ಫ್ರೆಂಡ್ ಒಬ್ಬ ಇದಾನೆ, ಅವನದು ಬಲ, ನಂದು ಸ್ವಲ್ಪ ಎಡಕ್ಕೆ ವಾಲುತ್ತೆ (ಸ್ವಲ್ಪ ಅಂತ ನಾನು ಹೇಳೋದು, ಅವನು ಪೂರ್ತಿ ಬಿದ್ದೋಗಿದೀಯ ಅಂತಾನೆ). ಒಂದಿನ ಮಾತಿಗೆ ಮಾತು ಬೆಳೆದು ಒಂದು ಆಟ ಆಡಿದ್ವಿ. ಇಬ್ರೂ ‘ಪರವಾಗಿಲ್ಲ, ಮಧ್ಯದ್ದು’ ಅಂತ ಒಪ್ಪೋ ಪೇಪರಿಂದ ಒಂದು ಸುದ್ದಿ ಆರಿಸ್ಕೊಂಡು, ಭೂಸ್ವಾಧೀನದ ವಿರುದ್ಧ ರೈತರು ರಸ್ತೆ ತಡೆ ಮಾಡಿದ ಸುದ್ದಿ ಅದು, ಎರಡು ಜೆರಾಕ್ಸ್ ಮಾಡಿಸಿ ಅವನಿಗೆ ಕೆಂಪು ಪೆನ್ನು ನಂಗೆ ನೀಲಿ ಪೆನ್ನು, ಎಲ್ಲೆಲ್ಲಿ ಪಕ್ಷಪಾತ ಕಾಣುತ್ತೋ ಅಲ್ಲಲ್ಲಿ ಸುತ್ತು ಹಾಕೋದು ಅಂತ.

ನಾನು ಏಳು ಕಡೆ ಸುತ್ತು ಹಾಕಿದೆ, ಅವನು ಒಂಬತ್ತು ಕಡೆ. ಕೂಡಿ ಬಂದಿದ್ದು ಒಂದೇ ಒಂದು, ‘ಎನ್ನಲಾಗಿದೆ’ ಅನ್ನೋ ಪದಕ್ಕೆ. ಯಾರಿಂದ ಅನ್ನಲಾಗಿದೆ ಅಂತ ಇಬ್ರಿಗೂ ಸಿಟ್ಟು.

ನಂದು ಏನು ಅಂದ್ರೆ, ಅವರು ಯಾಕೆ ರಸ್ತೆಗೆ ಬಂದ್ರು ಅನ್ನೋದಕ್ಕಿಂತ ಮೊದಲೇ ‘ಸಂಚಾರಕ್ಕೆ ಅಡ್ಡಿ, ವಾಹನ ಸವಾರರ ಪರದಾಟ’ ಬಂದಿದೆ, ಮಂತ್ರಿ ಸಮಜಾಯಿಷಿ ಮೂರನೇ ಪ್ಯಾರಾದಲ್ಲೇ ಇದೆ, ಜಮೀನು ಕಳ್ಕೊಳ್ಳೋ ಹೆಂಗಸಿಗೆ ಹೆಸರೇ ಇಲ್ಲ ಬರೀ ‘ಮಹಿಳೆಯೊಬ್ಬರು’. ಅವನು ಫೋಟೋಗೇ ದೊಡ್ಡದಾಗಿ ಸುತ್ತು ಹಾಕಿದ್ದ. ಅಷ್ಟು ಜನದಲ್ಲಿ ಅಳ್ತಿರೋ ಅಜ್ಜಿ ಒಬ್ರನ್ನೇ ಯಾಕೆ ಆರಿಸಿದ್ರು, ಸೆಂಟಿಮೆಂಟ್ ಎಳೆಯೋಕೆ ತಾನೇ ಅಂತ. ಆಮೇಲೆ ‘ಬಡ ರೈತರು’ ಅಂತ ಇದ್ದ ಕಡೆ ‘ಬಡ’ಕ್ಕೆ ಎರಡೆರಡು ಸುತ್ತು. ‘ಬಡವರು ಅಂತ ಇವನಿಗೆ ಯಾರು ಹೇಳಿದ್ದು, ಪಹಣಿ ತೆಗೆಸಿ ನೋಡಿದ್ನಾ?’ ಅಂದ. ನಂಗೆ ಉತ್ತರ ಹೊಳೀಲಿಲ್ಲ, ನಿಜ ಹೇಳ್ಬೇಕಂದ್ರೆ ಆ ಪದ ಅಲ್ಲಿ ಇದೆ ಅಂತಾನೇ ನಂಗೆ ಕಂಡಿರಲಿಲ್ಲ. ಕಣ್ಣು ಅದರ ಮೇಲೇ ಹಾದು ಹೋಗಿತ್ತು. ಅವನಿಗೂ ಆ ಹೆಸರಿಲ್ಲದ ‘ಮಹಿಳೆಯೊಬ್ಬರು’ ಕಂಡಿರಲಿಲ್ಲ.

ನಮ್ಮ ಈ ಕೆಂಪು ನೀಲಿ ಪೆನ್ನಿನ ಆಟವನ್ನ ಅಮೆರಿಕದಲ್ಲಿ ದೊಡ್ಡದಾಗಿ ಮಾಡಿದಾರೆ ಅಂತ ಆಮೇಲೆ ಗೊತ್ತಾಯ್ತು. 1982ರಲ್ಲಿ ಲೆಬನಾನಿನ ಬೈರುತ್‌ನ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ಆಯ್ತಲ್ಲ, ಅದರ ಟಿವಿ ಸುದ್ದಿಗಳನ್ನ ಇಸ್ರೇಲ್ ಪರ ಇದ್ದ ವಿದ್ಯಾರ್ಥಿಗಳಿಗೂ ಅರಬ್ ಪರ ಇದ್ದವರಿಗೂ ತೋರಿಸಿದ್ರು. ವಲೋನ್, ರಾಸ್, ಲೆಪ್ಪರ್ ಅಂತ ಮೂರು ಜನ ಮನಶ್ಶಾಸ್ತ್ರಜ್ಞರು, 1985ರಲ್ಲಿ ಪ್ರಕಟ ಆಯ್ತು. ಎರಡೂ ಗುಂಪು ನೋಡಿದ್ದು ಅದೇ ಸುದ್ದಿ, ಎರಡೂ ಗುಂಪು ಹೇಳಿದ್ದು ಇದು ನಮ್ಮ ವಿರುದ್ಧ ಇದೆ ಅಂತ. ನಂಗೆ ಚುಚ್ಚಿದ್ದು ಅದಲ್ಲ, ಅದರ ಹಿಂದಿನ ಇನ್ನೊಂದು ಸಾಲು. ವಿಷಯದ ಬಗ್ಗೆ ಯಾರಿಗೆ ಜಾಸ್ತಿ ಗೊತ್ತಿತ್ತೋ ಅವರಿಗೇ ಪಕ್ಷಪಾತ ಜಾಸ್ತಿ ಕಾಣಿಸ್ತಂತೆ. ನಾನು ಜಾಸ್ತಿ ಓದ್ಕೊಂಡ್ರೆ ಬ್ಯಾಲೆನ್ಸ್ ಬರುತ್ತೆ ಅಂತ ನಂಬಿದ್ದವನು.

ಇನ್ನು ಈ ಎಡ ಬಲ ಅನ್ನೋದೇ ಏನು ಅಂತ. 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ರಾಜನಿಗೆ ವೀಟೋ ಇರ್ಬೇಕು ಅನ್ನೋರು ಅಧ್ಯಕ್ಷರ ಬಲಗಡೆ ಕೂತ್ರು, ಬೇಡ ಅನ್ನೋರು ಎಡಗಡೆ. ಕುರ್ಚಿ ವ್ಯವಸ್ಥೆ ಅಷ್ಟೇ ರೀ. ಅದು ಇನ್ನೂರು ಚಿಲ್ಲರೆ ವರ್ಷ ಆದ್ಮೇಲೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಅಣ್ಣ ತಮ್ಮಂದಿರ ಜಗಳ ಆಗಿದೆ. ಅದೂ ಕನ್ನಡಕ್ಕೆ ಬರೋಷ್ಟರಲ್ಲಿ ಭಾಷೇನೇ ಒಂದು ಕಡೆ ಸೇರ್ಕೊಂಡ್ಬಿಟ್ಟಿದೆ ನೋಡಿ, ‘ಬಲ’ ಅಂದ್ರೆ ಶಕ್ತಿ, ‘ಎಡ’ದ ಪಕ್ಕದಲ್ಲಿ ಎಡವು, ಎಡರು, ಎಡವಟ್ಟು, ಸಾಲದ್ದಕ್ಕೆ ಎಡಬಿಡಂಗಿ! ಫೇಸ್‌ಬುಕ್ಕಲ್ಲಿ ಎಡದವರನ್ನ ಬೈಯೋರಿಗೆ ಪದ ಹುಡುಕೋ ಕಷ್ಟಾನೇ ಇಲ್ಲ. ಎಡದವರು ಪಾಪ ‘ಭಕ್ತ’ ಅನ್ನೋ ಒಳ್ಳೇ ಪದವನ್ನೇ ಬೈಗುಳ ಮಾಡ್ಕೊಂಡು ಕೆಲಸ ಸಾಗಿಸ್ತಿದಾರೆ.

ನಮ್ಮ ದೇಶದಲ್ಲಂತೂ ಈ ಚೀಟಿ ಸರಿಯಾಗಿ ಅಂಟೋದೂ ಇಲ್ಲ. 1991ರಲ್ಲಿ ಮಾರುಕಟ್ಟೆ ಬಾಗಿಲು ತೆಗೆದಿದ್ದು ಕಾಂಗ್ರೆಸ್ ಸರ್ಕಾರ, ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದು ಬಲಕ್ಕೆ ತಿರುಗಿದ ಗಾಡಿ. ಅದನ್ನ ವಿರೋಧಿಸಿದ್ದು ಕಮ್ಯುನಿಸ್ಟರು, ಜೊತೆಗೆ ಸಂಘ ಪರಿವಾರದವರೇ ಅದೇ ವರ್ಷ ಕಟ್ಟಿದ ಸ್ವದೇಶಿ ಜಾಗರಣ ಮಂಚ್. ಈಗ ಹೇಳಿ ಯಾರು ಎಡ ಯಾರು ಬಲ? ಹಾಗಾಗಿ ಇಲ್ಲಿ ಒಂದು ಪೇಪರ್ ಎಡ ಅಂದ್ರೆ ಅದು ಕಾರ್ಮಿಕರ ಸಂಬಳದ ಬಗ್ಗೆ ಏನು ಬರೆಯುತ್ತೆ ಅಂತ ಯಾರೂ ನೋಡಲ್ಲ, ಧರ್ಮ, ಜಾತಿ, ಇತಿಹಾಸ, ಪಠ್ಯಪುಸ್ತಕ ಇವುಗಳ ಬಗ್ಗೆ ಏನು ಬರೆಯುತ್ತೆ ಅಂತ ಮಾತ್ರ ನೋಡ್ತಾರೆ. ವಾಣಿಜ್ಯ ಪುಟಕ್ಕೆ ಬಂದ್ರೆ ‘ಎಡ’ ಪೇಪರೂ ‘ಬಲ’ ಪೇಪರೂ ಸೆನ್ಸೆಕ್ಸ್ ಏರಿದ್ರೆ ಖುಷಿ ಪಡೋದೇ. ಮುಷ್ಕರ ಅಂದ್ರೆ ಎರಡಕ್ಕೂ ‘ಜನಜೀವನ ಅಸ್ತವ್ಯಸ್ತ’ವೇ.

ಮಾಲೀಕ ಹೇಳಿದಂಗೆ ಪೇಪರ್ ಬರುತ್ತೆ ಅಂತ ನಾವೆಲ್ಲ ಹೇಳ್ತೀವಿ, ನಾನೂ ಹೇಳ್ತೀನಿ. ಆದ್ರೆ ಇಲ್ಲೂ ಒಂದು ತಿರುವು ಇದೆ. ಜೆಂಟ್ಸ್‌ಕೋ ಮತ್ತು ಶಪಿರೋ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಅಮೆರಿಕದ 400ಕ್ಕೂ ಹೆಚ್ಚು ದಿನಪತ್ರಿಕೆಗಳ ಭಾಷೆ ಅಳೆದು 2010ರಲ್ಲಿ ಒಂದು ಪೇಪರ್ (ಅಂದ್ರೆ ಪ್ರಬಂಧ) ಬರೆದ್ರು. ಅಲ್ಲಿನ ಸಂಸತ್ತಿನಲ್ಲಿ ಎರಡು ಪಕ್ಷದವರು ಒಂದೇ ವಿಷಯಕ್ಕೆ ಬೇರೆ ಬೇರೆ ಪದ ಬಳಸ್ತಾರಲ್ಲ, ಸತ್ತವರು ಬಿಟ್ಟು ಹೋದ ಆಸ್ತಿ ಮೇಲಿನ ತೆರಿಗೇನ ಒಬ್ರು ‘ಎಸ್ಟೇಟ್ ಟ್ಯಾಕ್ಸ್’ ಅಂದ್ರೆ ಇನ್ನೊಬ್ರು ‘ಡೆತ್ ಟ್ಯಾಕ್ಸ್’ ಅಂತ ಹೆದರಿಸ್ತಾರೆ, ಆ ಪದಗಳು ಯಾವ ಪತ್ರಿಕೆಯಲ್ಲಿ ಎಷ್ಟು ಸಲ ಬರುತ್ತೆ ಅಂತ ಲೆಕ್ಕ ಹಾಕಿದ್ದು. ಪತ್ರಿಕೆ ವಾಲೋದು ಬಹುಮಟ್ಟಿಗೆ ಅದರ ಓದುಗರು ಯಾವ ಕಡೆ ವಾಲಿದಾರೋ ಆ ಕಡೆಗೆ, ಮಾಲೀಕ ಯಾರು ಅನ್ನೋದರಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಅಂತ ಅವರಿಗೆ ಸಿಕ್ಕಿದ್ದು. ಅಂದ್ರೆ ಕನ್ನಡೀನ ನೋಡಿ ಕನ್ನಡೀಗೇ ಬೈದಂಗಾಯ್ತು.

ಬ್ರಿಟನ್ನಿನ ‘ದಿ ಸನ್’ ಪತ್ರಿಕೆ ನೋಡಿ. 1979ರಲ್ಲಿ ಬಲದ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಕಡೆ, 1992ರ ಚುನಾವಣೆ ಆದ ಮೇಲಂತೂ ಕನ್ಸರ್ವೇಟಿವ್‌ಗಳನ್ನ ಗೆಲ್ಲಿಸಿದ್ದು ನಾವೇ ಅಂತ ಮುಖಪುಟದಲ್ಲೇ ಹೆಡ್ಡಿಂಗ್ ಹಾಕ್ಕೊಂಡ್ತು, 1997ರಲ್ಲಿ ಎಡದ ಲೇಬರ್ ಪಕ್ಷದ ಟೋನಿ ಬ್ಲೇರ್ ಕಡೆ, 2009ರಲ್ಲಿ ಮತ್ತೆ ಕನ್ಸರ್ವೇಟಿವ್, 2024ರಲ್ಲಿ ಮತ್ತೆ ಲೇಬರ್. ಅಷ್ಟೂ ವರ್ಷ ಮಾಲೀಕ ಅದೇ ಮರ್ಡೋಕ್. ಇದಕ್ಕೆ ಸಿದ್ಧಾಂತ ಅಂತೀರೋ, ಗಾಳಿ ಬಂದ ಕಡೆ ತೂರ್ಕೊಳ್ಳೋದು ಅಂತೀರೋ.

ಆದ್ರೆ ಅಮೆರಿಕದ ಆ ಲೆಕ್ಕ ನಮಗೆ ಪೂರ್ತಿ ಹೊಂದಲ್ಲ ಅಂತ ನನ್ನ ಅನುಮಾನ, ಯಾಕಂದ್ರೆ ನಮ್ಮಲ್ಲಿ ಓದುಗನಿಗಿಂತ ದೊಡ್ಡ ಗಿರಾಕಿ ಒಬ್ಬ ಇದಾನೆ, ಸರ್ಕಾರ. ಮುಖಪುಟಕ್ಕೆ ಜಾಹೀರಾತಿನ ಜಾಕೆಟ್ ಹಾಕಿರ್ತಾರಲ್ಲ, ಮುಖ್ಯಮಂತ್ರಿಯೋ ಪ್ರಧಾನಿಯೋ ಪೂರ್ತಿ ಪುಟ ಕೈ ಮುಗಿದು ನಿಂತಿರ್ತಾರೆ, ಯಾವುದೇ ಪಕ್ಷ ಬರ್ಲಿ. ಅದನ್ನ ತಿರುಗಿಸಿದ್ರೆ ನಿಜವಾದ ಮುಖಪುಟ. ಅದರಲ್ಲಿ, ಜಾಹೀರಾತಲ್ಲಿ ಹೊಗಳಿದ ಅದೇ ಯೋಜನೆ ಹಳ್ಳ ಹಿಡಿದಿದೆ ಅಂತ ಸುದ್ದಿ ಬರೆಯೋಕೆ ಎಷ್ಟು ಗುಂಡಿಗೆ ಬೇಕು ಹೇಳಿ. ಇದಕ್ಕೆ ಎಡಾನೂ ಬೇಡ ಬಲಾನೂ ಬೇಡ, ಬಿಲ್ ಪಾಸಾದ್ರೆ ಸಾಕು.

ಅದಕ್ಕಿಂತ ಕೆಳಗಿನ ಮೆಟ್ಟಿಲು ಪೇಯ್ಡ್ ನ್ಯೂಸ್, ಅಂದ್ರೆ ದುಡ್ಡು ತಗೊಂಡು ಹೊಗಳಿಕೇನ ಸುದ್ದಿ ಥರ ಅಚ್ಚು ಹಾಕೋದು. 2009ರ ಚುನಾವಣೆ ಟೈಮಲ್ಲಿ ಮಹಾರಾಷ್ಟ್ರದಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಇರೋ ಪತ್ರಿಕೆಗಳಲ್ಲಿ ಒಂದೇ ಹೊಗಳಿಕೆ ಲೇಖನ ಪದ ಪದವೂ ಅದೇ ಥರ ಬಂದಿದ್ದನ್ನ ಪತ್ರಕರ್ತ ಪಿ. ಸಾಯಿನಾಥ್ ಎತ್ತಿ ತೋರಿಸಿದ್ರು. ಪ್ರೆಸ್ ಕೌನ್ಸಿಲ್ ಇದರ ಮೇಲೆ ಇಬ್ಬರ ಉಪಸಮಿತಿ ಮಾಡಿ, ಅವರು ಪತ್ರಿಕೆಗಳ ಹೆಸರೂ ಸೇರಿಸಿ ಉದ್ದದ ವರದಿ ಕೊಟ್ರೆ, 2010ರಲ್ಲಿ ಕೌನ್ಸಿಲ್ ಹೊರಗೆ ಬಿಟ್ಟಿದ್ದು ಸಣ್ಣದು ಮಾಡಿದ ಆವೃತ್ತಿ. ಪೂರ್ತಿ ವರದಿ ಅಧಿಕೃತವಾಗಿ ಹೊರಗೆ ಬರೋಕೆ ಮಾಹಿತಿ ಆಯೋಗದ ಆದೇಶ ಬೇಕಾಯ್ತು. ಪತ್ರಿಕೆಗಳ ಮೇಲಿನ ವರದೀನೇ ಎಡಿಟ್ ಆಗೋ ಊರು ನಮ್ಮದು!

ಹಾಗಾಗಿ ನಂಗೆ ಈಗೀಗ ಪಕ್ಷದ ಪೇಪರ್‌ಗಳ ಮೇಲೇ ಗೌರವ ಜಾಸ್ತಿ ಆಗಿದೆ. ನಗಬೇಡಿ. ಕೇರಳದಲ್ಲಿ ದೇಶಾಭಿಮಾನಿ ಸಿಪಿಎಂದು, ವೀಕ್ಷಣಂ ಕಾಂಗ್ರೆಸ್ಸಿಂದು, ಚಂದ್ರಿಕಾ ಮುಸ್ಲಿಂ ಲೀಗಿಂದು, ಜನ್ಮಭೂಮಿ ಸಂಘದ ಕಡೆಯದು, ಎಲ್ರಿಗೂ ಗೊತ್ತು. ತಮಿಳುನಾಡಲ್ಲಿ ಮುರಸೊಲಿ ಡಿಎಂಕೆದು, ಮುಂಬೈಯ ಸಾಮ್ನಾ ಠಾಕ್ರೆಯವರದು. ಕೈಗೆತ್ತಿಕೊಂಡಾಗಲೇ ಯಾರ ಮನೆಗೆ ಬಂದಿದೀವಿ ಅಂತ ತಿಳಿದಿರುತ್ತೆ, ಎಷ್ಟು ಕಳೀಬೇಕು ಎಷ್ಟು ಕೂಡಬೇಕು ಅಂತ ನಾವೇ ಲೆಕ್ಕ ಹಾಕ್ಕೋತೀವಿ. ‘ನಿಷ್ಪಕ್ಷಪಾತ, ನಿರ್ಭೀತ’ ಅಂತ ಹಣೆ ಮೇಲೆ ಬರ್ಕೊಂಡು ಬರೋರ ಹತ್ರಾನೇ ಈ ಲೆಕ್ಕ ಕಷ್ಟ. ತುರ್ತು ಪರಿಸ್ಥಿತಿ ಬಂದಾಗ, 1975ರ ಜೂನ್ 28ಕ್ಕೆ, ಇಂಡಿಯನ್ ಎಕ್ಸ್‌ಪ್ರೆಸ್ ಸೆನ್ಸಾರ್ ವಿರೋಧಿಸಿ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತ್ತು. ಆ ಖಾಲಿ ಜಾಗ ಓದುಗನ ಕಣ್ಣಿಗೆ ಬೀಳ್ತಿತ್ತು. ಈಗ ಕೈ ಬಿಟ್ಟ ಸುದ್ದಿಯ ಜಾಗದಲ್ಲಿ ಸಿನಿಮಾ ನಟಿಯ ಫೋಟೋ ಇರುತ್ತೆ, ಏನು ಹೋಯ್ತು ಅಂತ ಹೆಂಗೆ ಗೊತ್ತಾಗ್ಬೇಕು?

ಇದು ನಂಗೂ ಒಂದ್ಸಲ ಆಯ್ತು, ಸಣ್ಣದಾಗಿ. ಹೆಸರು ಹೇಳಲ್ಲ, ಒಂದು ಪೇಪರಿಗೆ ಓದುಗರ ಪತ್ರ ಬರೆದಿದ್ದೆ, ಎರಡು ಪ್ಯಾರಾ, ಒಂದರಲ್ಲಿ ಆಡಳಿತ ಪಕ್ಷಕ್ಕೆ, ಇನ್ನೊಂದರಲ್ಲಿ ವಿರೋಧ ಪಕ್ಷಕ್ಕೆ ಸಮನಾಗಿ ಹಾಕಿದ್ದೆ. ಅಚ್ಚಾಗಿದ್ದು ಎರಡನೇ ಪ್ಯಾರಾ ಮಾತ್ರ. ಕೇಳಿದ್ರೆ ಸ್ಥಳಾಭಾವ ಅಂದ್ರು. ಇರಬಹುದು, ಡೆಸ್ಕಲ್ಲಿ ಕೂತವರ ಕಷ್ಟ ಅವರಿಗೇ ಗೊತ್ತು. ಆದ್ರೆ ಅವತ್ತು ನನ್ನ ಫ್ರೆಂಡು ಫೋನ್ ಮಾಡಿ ‘ಕೊನೆಗೂ ಬುದ್ಧಿ ಬಂತಲ್ಲ, ವೆಲ್ಕಮ್’ ಅಂದ. ಮೊದಲನೇ ಪ್ಯಾರಾ ಬೇರೆ ಇತ್ತು ಮಾರಾಯ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ.

ಕೆಂಪು ಪೆನ್ನನ್ನ ಅವನು ಇನ್ನೂ ಬಿಟ್ಟಿಲ್ಲ. ಹೋದ ತಿಂಗಳು ಒಂದು ಚರ್ಚಾಸಭೆಗೆ ಹೋಗಿ ಬಂದು ಗ್ರೂಪಲ್ಲಿ ಎಲ್ರಿಗೂ ಗೊತ್ತಾಗ್ಲಿ ಅಂತ ನಾನೇ ನಾಲ್ಕು ಸಾಲಿನ ರಿಪೋರ್ಟ್ ಹಾಕಿದ್ದೆ, ಭಾರೀ ನ್ಯೂಟ್ರಲ್ ಆಗಿ ಬರ್ದಿದೀನಿ ಅಂತ ಒಳಗೊಳಗೇ ಖುಷಿ ಇತ್ತು. ಹತ್ತು ನಿಮಿಷಕ್ಕೆ ಅದರ ಸ್ಕ್ರೀನ್‌ಶಾಟ್ ವಾಪಸ್ ಬಂತು, ಎರಡು ಕೆಂಪು ಸುತ್ತು ಹಾಕಿ. ನಮ್ಮ ಕಡೆ ಮಾತಾಡಿದವರು ‘ವಿವರಿಸಿದ್ರು’ ಅಂತ ಬರೆದಿದ್ದೆ, ಅವರ ಕಡೆಯವರು ‘ಕಿಡಿ ಕಾರಿದ್ರು’ ಅಂತ.