ತಾಮ್ರ–ಎಟಿಡ್ರೊನೇಟ್: ಪುಡಿ ಹೋಯಿತು, ಹರಳು ಬಂತು

ತಾಮ್ರವನ್ನು ಎಟಿಡ್ರೊನೇಟ್ ಎಂಬ ಮದ್ದಿನ ಅಣು ಹೇಗೆ ಹಿಡಿಯುತ್ತದೆ ಎಂದು ಎಕ್ಸ್-ರೇಯಲ್ಲಿ ನೋಡಲು ಎರಡೂ ಸೇರಿದ ಒಂದು ಒಳ್ಳೆ ಹರಳು ಬೇಕಿತ್ತು. ಕೊನೆಗೂ ಬಂತು! ತಿಳಿ ನೀಲಿ, ಅಂಚು ಚೂಪು. ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ (ಬೆಳಕು ಸೋಸುವ) ಹಾಳೆಗಳ ನಡುವೆ ತಿರುಗಿಸಿದರೆ ಇಡೀ ಹರಳು ಒಟ್ಟಿಗೇ ಕಪ್ಪಾಗುತ್ತದೆ. ಎರಡು ಅಂಟಿ ಬೆಳೆದ ಅವಳಿ ಹರಳಾಗಿದ್ದರೆ ಅರ್ಧ ಹೊಳೆಯುತ್ತಿತ್ತು.

ತಾಮ್ರಕ್ಕೆ ಪರದಾಟ ಇಲ್ಲ. ನಮ್ಮ ಬದಿಯಡ್ಕ ಕಡೆ ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವವರ ಮನೆಯಲ್ಲೆಲ್ಲ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಸೋಸಿ ಮತ್ತೆ ಹರಳುಗಟ್ಟಿಸಿದರೆ ಸಾಕು. ತಲೆ ತಿಂದದ್ದು ಎಟಿಡ್ರೊನೇಟ್ ಕೊಡುವ ಎಟಿಡ್ರೊನಿಕ್ ಆಮ್ಲ. ಪೇಜೆಟ್ ಎಂಬ ಮೂಳೆ ಕಾಯಿಲೆಗೆ ಕೊಟ್ಟ ಮದ್ದು ಇದೇ. ಬಾಯ್ಲರ್‌ನ ಕಿಟ್ಟ ತಡೆಯಲೂ 60% ದ್ರಾವಣವಾಗಿ ಮಾರುತ್ತಾರೆ. ನನಗೆ ಬಂದ ಬಾಟಲಿ ಸೋರಿತ್ತು, ಲೇಬಲ್‌ನಲ್ಲಿ ಶೇಕಡಾ ಎಷ್ಟೆಂದೇ ಇಲ್ಲ. ಮಾರಿದವರು ಫೋನ್ ಎತ್ತುವುದಿಲ್ಲ! ಕಾಸ್ಟಿಕ್ ಸೋಡಾದಲ್ಲಿ ಟೈಟ್ರೇಟ್ ಮಾಡಿ, ಅಂದರೆ ಆಮ್ಲ ತೀರಲು ಎಷ್ಟು ಸೋಡಾ ಬೇಕೆಂದು ಅಳೆದು, ನಾನೇ ಕಂಡುಕೊಂಡೆ.

ಈಗ ಮುಖ್ಯ ಕಥೆ. ತಾಮ್ರ ಜಾಸ್ತಿ ಇಟ್ಟು ಪಿಎಚ್ ಏರಿಸಿದರೆ (ಹುಳಿ ತಗ್ಗಿಸಿದರೆ) ಬರೀ ಪುಡಿ. ಎಟಿಡ್ರೊನೇಟ್‌ನಲ್ಲಿ ಒಂದೇ ಕಾರ್ಬನ್‌ಗೆ ಎರಡು ಫಾಸ್ಫೋನೇಟ್ (ರಂಜಕಕ್ಕೆ ಮೂರು ಆಮ್ಲಜನಕ ಅಂಟಿದ ಗುಂಪು) ಇದೆ ಅಲ್ವಾ? ಎರಡೂ ಕಡೆಯಿಂದ ಒಂದೊಂದು ಆಮ್ಲಜನಕ ತಾಮ್ರವನ್ನು ಹಿಡಿದರೆ ಆರು ಪರಮಾಣುಗಳ ಬಳೆ ಆಗುತ್ತದೆ. ಉಳಿದ ಆಮ್ಲಜನಕಗಳು ಪಕ್ಕದ ತಾಮ್ರಕ್ಕೆ ಕೈ ಹಾಕುತ್ತವೆ. ಎಲ್ಲ ಕಡೆ ಒಮ್ಮೆಗೇ ಹೆಣೆದರೆ ಸಾಲಾಗಿ ಕೂರಲು ಹೊತ್ತೆಲ್ಲಿ? ಹುಳಿ ಜಾಸ್ತಿ ಇದ್ದರೆ ಪ್ರೋಟಾನ್‌ಗಳು ಆಮ್ಲಜನಕಗಳ ಮೇಲೆ ಕೂತು ಹಿಡಿತ ಸಡಿಲವಾಗುತ್ತದೆ.

ಹಾಗಾಗಿ ತಾಮ್ರ ನಿಧಾನಕ್ಕೆ ಬರಲೆಂದು ಜೆಲ್ ದಾರಿ ಹಿಡಿದೆ. ಅದೇ ಎಟಿಡ್ರೊನಿಕ್ ಆಮ್ಲಕ್ಕೆ ವಾಟರ್ ಗ್ಲಾಸ್ (ಸೋಡಿಯಂ ಸಿಲಿಕೇಟ್ ದ್ರಾವಣ) ಹನಿಹನಿಯಾಗಿ ಬಿಟ್ಟೆ, ಪಿಎಚ್ 4ರ ಹತ್ತಿರ ನಿಲ್ಲಿಸಿದೆ. ನ್ಯೂಟ್ರಲ್ ಹತ್ತಿರ ಹೋದರೆ ಕಲಕುವಷ್ಟರಲ್ಲೇ ಗಟ್ಟಿ. 4ರಲ್ಲಿ ನಿಧಾನ, ಅದೇ ಬೇಕಿತ್ತು. ಜೆಲ್ ಕೂತ ಮೇಲೆ ತೆಳು ಮೈಲುತುತ್ತಿನ ನೀರು ಮೇಲೆ ಸುರಿದೆ. ಮೇಲ್ಪದರದಲ್ಲಿ ಪುಡಿಯ ಪಟ್ಟಿ ಬಂತು. ಅದರ ಕೆಳಗೆ, ತಾಮ್ರ ತೊಟ್ಟುತೊಟ್ಟಾಗಿ ಇಳಿಯುವ ಕಡೆ, ಹರಳುಗಳು!

ಒಣಗಿಸಬೇಡಿ ಮಾತ್ರ. ಒಳಗೆ ಹರಳುನೀರು (ಹರಳಿನ ರಚನೆಯಲ್ಲೇ ಸೇರಿದ ನೀರು) ಇದ್ದರೆ ಒಣಗುವಾಗ ಬಿರುಕು ಬಿಡಬಹುದು. ಎಕ್ಸ್-ರೇಗೆ 0.2 ಮಿ.ಮೀ. ತುಂಡು ಸಾಕು. ಬೆಳೆದ ದ್ರಾವಣದಲ್ಲೇ ಮುಳುಗಿಸಿ ಗೆಳೆಯನ ಲ್ಯಾಬಿಗೆ ಕಳಿಸುತ್ತೇನೆ.

ಮುಂದೆ ಕ್ಯಾಲ್ಸಿಯಂ. ಎಟಿಡ್ರೊನೇಟ್‌ನ ನೆಂಟ, ಅಮ್ಮನ ಮೂಳೆ ಮದ್ದು ಅಲೆಂಡ್ರೊನೇಟ್ ಮಾತ್ರೆಯನ್ನು, ವಾರಕ್ಕೊಂದು 70 ಮಿ.ಗ್ರಾಂ., ಬೆಳಗ್ಗೆ ಬರೀ ನೀರಲ್ಲೇ ನುಂಗಬೇಕು, ಹಾಲು ಕೂಡದು. ಹಾಲಿನ ಕ್ಯಾಲ್ಸಿಯಂ ಅದನ್ನು ಕರುಳಲ್ಲೇ ಹಿಡಿದುಬಿಡುತ್ತದೆ. ಆ ಹಿಡಿತದ ಆಕಾರ ಕಣ್ಣಿಂದ ನೋಡುವ ಆಸೆ ನನಗೆ. ವಾಟರ್ ಗ್ಲಾಸ್ ಮುಗಿದಿದೆ. ಕಾಸರಗೋಡು ಪೇಟೆಯಲ್ಲಿ ಚಿಲ್ಲರೆಯಾಗಿ ಸಿಗುವ ಜಾಗ ಗೊತ್ತಿದ್ದರೆ ಹೇಳಿ.